ಕೇಳುವವರಿದ್ದಾರೆ, ಎಚ್ಚರಿಕೆ!

"ಈಚೆಗೆ ಏನು ಕೇಳ್ತಿದ್ದೀರಿ?" ಎಂದು ಯಾರಾದರೂ ವಿಚಾರಿಸಿದರೆ ಥಟ್ಟನೆ ಉತ್ತರ ಕೊಟ್ಟುಬಿಡಬೇಡಿ. ಜಾತಿ ಯಾವುದು, ಸಂಬಳ ಎಷ್ಟು, ಓದಿದ್ದು ಯಾವ ಮೀಡಿಯಮ್ಮು ಎಂದು ಬಾಯಿಬಿಟ್ಟು ಕೇಳುವುದು ಒರಟುತನ ಎನ್ನಿಸಿಕೊಂಡ ಮೇಲೆ, ಈ ಮೂರನ್ನೂ ಒಂದೇ ಏಟಿಗೆ ತಿಳಿದುಕೊಳ್ಳಲು ಸುಸಂಸ್ಕೃತರು ಕಂಡುಕೊಂಡ ಉಪಾಯ ಅದು. ನೀವು ಒಂದು ಆಲ್ಬಮ್ಮಿನ ಹೆಸರು ಹೇಳುತ್ತೀರಿ. ಎದುರಿನವರು "ಓ..." ಎನ್ನುತ್ತಾರೆ. ಆ "ಓ" ಎಷ್ಟು ಉದ್ದವಿತ್ತು ಎನ್ನುವುದರ ಮೇಲೆ, ಮುಂದಿನ ಸಲ ಅವರ ಮನೆಗೆ ಹೋದಾಗ ನಿಮಗೆ ಫಿಲ್ಟರ್ ಕಾಫಿಯೋ ಬರೀ ನೀರೋ ಎಂಬುದು ತೀರ್ಮಾನವಾಗುತ್ತದೆ.

ಹಾಗಾಗಿ ಈ ಪ್ರಶ್ನೆಗೆ ನಿಜ ಹೇಳುವವರು ಯಾರೂ ಇಲ್ಲ. ನಿಜವೇ ಬೇಕೆಂದರೆ, ಬೆಂಗಳೂರಿನ ಮಧ್ಯಮ ವರ್ಗದ ಗೃಹಸ್ಥನೊಬ್ಬ ದಿನಕ್ಕೆ ಕೇಳುವ ಸಂಗೀತ ಇಷ್ಟು: ಬೆಳಗಾಗುತ್ತಲೇ ಪಕ್ಕದ ಮನೆಯ ಸುಪ್ರಭಾತ, ಅದರ ಹಿಂದೆಯೇ ಕಸದ ಗಾಡಿಯ ಹಾಡು, ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನಿಂದ ಬರುವ ಢಬ್ ಢಬ್, ಆಫೀಸಿನ ಲಿಫ್ಟಿನೊಳಗೆ ಎಲ್ಲಿಂದಲೋ ಸೋರುವ ಪಿಯಾನೊ, ಊಟದ ಹೊತ್ತಿಗೆ ಮಗಳ ಫೋನಿನಿಂದ ಅರ್ಧರ್ಧ ನಿಮಿಷದ ರೀಲ್ಸು, ರಾತ್ರಿ ಪಾತ್ರೆ ತೊಳೆಯುವಾಗ ಅಕ್ಕಪಕ್ಕ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಹಂಸಲೇಖ. ಇದೇ ಮನುಷ್ಯನನ್ನು ನಾಲ್ಕು ಜನರ ಎದುರು ಕೇಳಿ ನೋಡಿ. "ಸದ್ಯಕ್ಕೆ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'ಗೆ ಮರಳಿ ಹೋಗಿದ್ದೇನೆ. ಸ್ವರಗಳ ನಡುವೆ ಇರುವ ಮೌನ ಇದೆಯಲ್ಲ..." ಎಂದು ಕಣ್ಣು ಅರ್ಧ ಮುಚ್ಚುತ್ತಾನೆ. 1959ರಲ್ಲಿ ಬಂದ ಆ ಆಲ್ಬಮ್ಮಿಗೆ ಎಲ್ಲರೂ ಮರಳಿ ಹೋಗುವವರೇ. ಮೊದಲ ಸಲ ಹೋದವರು ಒಬ್ಬರೂ ಇದುವರೆಗೆ ಸಿಕ್ಕಿಲ್ಲ.

ಧಾರವಾಡದಲ್ಲಿ ಈ ಆಟಕ್ಕೆ ಬೇರೆಯೇ ಘನತೆ. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಬದುಕಿದ ಊರು. ಗಂಗೂಬಾಯಿ ಹಾನಗಲ್ ಪಕ್ಕದ ಹುಬ್ಬಳ್ಳಿಯವರು. ಭೀಮಸೇನ ಜೋಶಿ ಗದಗಿನಿಂದ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದವರು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ದೂರದ ದೇವಾಸದಲ್ಲಿ ನೆಲೆ ನಿಂತವರು. ಇಷ್ಟು ಆಸ್ತಿ ಒಂದೇ ಸೀಮೆಯ ಪಾಲಿಗೆ ಬಂದ ಮೇಲೆ ವಾರಸುದಾರರೂ ಹೆಚ್ಚಬೇಕಲ್ಲವೇ? ಅಲ್ಲಿ ಸಂಗೀತ ಕೇಳಿದೆ ಎಂದರೆ ಯಾರೂ ತಿರುಗಿ ನೋಡುವುದಿಲ್ಲ. ಬೇರೆ ಯಾರಿಗೂ ಸಿಗದ್ದನ್ನು ಕೇಳಿದೆ ಎನ್ನಬೇಕು. ಅದರಲ್ಲೂ ಮನ್ಸೂರರು ಅಪರೂಪದ ರಾಗಗಳ ಖಜಾನೆ. ಬೇರೆಯವರು ಮುಟ್ಟದ ಬಿಹಾರಿ, ಖಟ್, ಲಚ್ಚಾಸಾಖ, ಬಹಾದುರಿ ತೋಡಿಗಳನ್ನು ಮನೆಯ ಹಿತ್ತಲಿಗೆ ಹೋಗಿ ಬಂದಷ್ಟು ಸಲೀಸಾಗಿ ಹಾಡಿದವರು. ಈ ಹೆಸರುಗಳು ಅವರ ಅಭಿಮಾನಿಗಳ ಕೈಗೆ ಸಿಕ್ಕಿ ಏನಾಗಿವೆ ಎನ್ನುವುದಕ್ಕೆ ಚಹಾದ ಅಂಗಡಿಯ ಮುಂದೆ ನಡೆದ ಈ ಸಂಭಾಷಣೆ ಸಾಕು.

"ಏನ್ರೀ ಸರ, ಸದ್ಯ ಏನ್ ಕೇಳಾಕತ್ತೀರಿ?"

"ಮನ್ಸೂರ ಅಣ್ಣಾವ್ರದೊಂದು ಬಹಾದುರಿ ತೋಡಿ ಐತಿ. ಆದ್ರ ಅದು ನಿಮಗ ಸಿಗಂಗಿಲ್ಲ ಬಿಡ್ರಿ."

"ಯೂಟ್ಯೂಬಿನ್ಯಾಗ ಐತಲ್ರೀ?"

"ಅದು ಬ್ಯಾರೇ ಐತಿ. ಇದು ನಮ್ಮ ಕಾಕಾನ ಮನಿ ಪಡಸಾಲ್ಯಾಗ ಹಾಡಿದ್ದು. ಹದಿನೈದು ಮಂದಿ ಅಷ್ಟ ಇದ್ರು. ಸ್ಪೂಲ್ ಟೇಪಿನ್ಯಾಗ ಹಿಡದಾರ."

"ಒಮ್ಮೆ ನಮಗೂ ಕೇಳಸ್ರಲಾ."

"ಹ್ಯಾಂಗ್ ಕೇಳಸೂದ್ರಿ? ಟೇಪಿಗೆ ಬೂಷ್ಟು ಹಿಡದೈತಿ."

"ಮತ್ತ ನೀವ್ ಹ್ಯಾಂಗ್ ಕೇಳಾಕತ್ತೀರಿ?"

"ನಾನಾ? ನೆನಪಿನ್ಯಾಗ!"

ರಸಿಕತೆಯ ತುತ್ತತುದಿ ಇದು. ತನಗೂ ಕೇಳಿಸದ್ದು ಪಕ್ಕದವನಿಗೆ ಕೇಳಿಸಿಲ್ಲ ಎಂಬ ಪರಮಸುಖ. ಮನ್ಸೂರರು ಆಕಾಶವಾಣಿ ಧಾರವಾಡದ ಸಂಗೀತ ಸಲಹೆಗಾರರಾಗಿದ್ದವರು. ರೇಡಿಯೊದ ಮೂಲಕ ಅವರ ದನಿ ಕಿರಾಣಿ ಅಂಗಡಿಯ ಗಲ್ಲಾದ ತನಕ ಹೋಗಿ ಮುಟ್ಟಿತ್ತು. ಅವರ ಭಕ್ತರು ಅದನ್ನು ಹುಡುಕಿ ಹಿಡಿದು ತಂದು ಮತ್ತೆ ಅಟ್ಟಕ್ಕೆ ಏರಿಸಿದ್ದಾರೆ.

ದಕ್ಷಿಣಕ್ಕೆ ಇಳಿದರೆ ಬಸವನಗುಡಿ, ಚಾಮರಾಜಪೇಟೆಯ ಕರ್ನಾಟಕ ಸಂಗೀತದ ರಸಿಕರು. ಇವರನ್ನು ಏನು ಕೇಳುತ್ತಿದ್ದೀರಿ ಎಂದರೆ, ಏನು ಕೇಳುತ್ತಿಲ್ಲ ಎಂಬುದರ ಪಟ್ಟಿ ಕೊಡುತ್ತಾರೆ. "ಈಗಿನವರದ್ದು ಕೇಳೋ ಹಾಗಿಲ್ಲ ರೀ. ಪಿಟೀಲು ಅಂದ್ರೆ ಚೌಡಯ್ಯನವರದ್ದು. ಕಣ್ಮುಂದೆ ಕಟ್ಟಿದ ಹಾಗಿದೆ." ಏಳು ತಂತಿಯ ಪಿಟೀಲಿನ ಚೌಡಯ್ಯನವರು ತೀರಿಕೊಂಡದ್ದು 1967ರಲ್ಲಿ. ಮಾತಾಡುತ್ತಿರುವವರು ಹುಟ್ಟಿದ್ದು 1965ರಲ್ಲಿ. ಎರಡು ವರ್ಷದ ಕೂಸಿಗೆ ಗಮಕದ ಸೂಕ್ಷ್ಮ ಹೊಳೆದಿತ್ತು ಎಂದು ನಂಬುವುದಕ್ಕೆ ನನಗೇನೂ ಅಡ್ಡಿಯಿಲ್ಲ. ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಂಗಣವನ್ನು ಕಟ್ಟಿದ್ದಾರಲ್ಲ, ಇವರು ಕೇಳಿದ್ದು ಬಹುಶಃ ಆ ಕಟ್ಟಡವನ್ನು.

ರಾಮನವಮಿಯ ಕಾಲಕ್ಕೆ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಇವರ ಪಕ್ಕದ ಕುರ್ಚಿ ಸಿಕ್ಕಿದರೆ ಅದೂ ಒಂದು ಶಿಕ್ಷಣವೇ. ವೇದಿಕೆಯ ಮೇಲೆ ಆಲಾಪನೆ ಶುರುವಾಗುತ್ತದೆ. ಎರಡು ಎಳೆ ಬರುವಷ್ಟರಲ್ಲಿ ಇವರು ನಿಮ್ಮ ಕಿವಿಯ ಹತ್ತಿರ ಬಗ್ಗಿ, ಗುಟ್ಟು ಹೇಳುವ ದನಿಯಲ್ಲಿ, ಮೂರು ಸಾಲು ಹಿಂದಿನವರಿಗೂ ಕೇಳಿಸುವಂತೆ, "ಖರಹರಪ್ರಿಯ" ಎನ್ನುತ್ತಾರೆ. ಅಲ್ಲಿಗೆ ಅವರ ಪಾಲಿನ ಸಂಗೀತ ಮುಗಿಯಿತು. ಉಳಿದ ಮುಕ್ಕಾಲು ಗಂಟೆ ಫೋನು ನೋಡುತ್ತ ತೊಡೆಯ ಮೇಲೆ ತಾಳ ಹಾಕುತ್ತಿರುತ್ತಾರೆ. ಕೃತಿ ಎತ್ತಿಕೊಂಡಾಗ ಅದು ಬೇರೆ ರಾಗದ್ದು ಎಂದು ಗೊತ್ತಾದರೆ ತಪ್ಪು ಹಾಡಿದವರದ್ದು: "ಇವರಿಗೆ ಆಲಾಪನೆಯಲ್ಲಿ ರಾಗದ ಸ್ವರೂಪ ಸ್ಪಷ್ಟ ಇಲ್ಲ." ತನಿ ಆವರ್ತನಕ್ಕೆ ಮೃದಂಗದವರು ಕೈ ಝಾಡಿಸಿಕೊಳ್ಳುವಷ್ಟರಲ್ಲಿ ಇವರು ಕ್ಯಾಂಟೀನಿನ ಸಾಲಿನಲ್ಲಿ ಮೂರನೆಯವರು. ಮರುದಿನ ವಾಕಿಂಗಿನಲ್ಲಿ, "ತನಿ ಪರವಾಗಿಲ್ಲ. ಆದರೆ ಪಾಲ್ಘಾಟ್ ಮಣಿ ಅಯ್ಯರ್ ಬಿಟ್ಟು ಹೋದ ಜಾಗ ಖಾಲಿಯೇ ಇದೆ" ಎಂಬ ವಿಮರ್ಶೆ. ಖಾಲಿ ಇದ್ದದ್ದು ಆ ಹೊತ್ತಿನಲ್ಲಿ ಇವರ ಕುರ್ಚಿ.

ಇನ್ನು ನಮ್ಮ ಭಾವಗೀತೆಯವರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ಟಾಗಿ ಬಂದಾಗ ಒಂದು ಒಳ್ಳೆಯ ಕೆಲಸ ಆಯಿತು. ಕವನ ಸಂಕಲನದ ಕಡೆ ಕಣ್ಣೆತ್ತಿಯೂ ನೋಡದವರು ಕವಿತೆಯನ್ನು ಗುನುಗತೊಡಗಿದರು. ಅದರ ಬೆನ್ನಿಗೇ ಎರಡು ಪಕ್ಷಗಳೂ ಹುಟ್ಟಿಕೊಂಡವು. ಅನಂತಸ್ವಾಮಿ ಪಕ್ಷದವರಿಗೆ ಹಾಡೆಂದರೆ ಮೆಲ್ಲಗೆ, ಕವಿಗೆ ನೋವಾಗದಂತೆ ಹಾಡಬೇಕು. ಅಶ್ವಥ್ ಪಕ್ಷದವರಿಗೆ ಎದೆ ಬಿರಿಯುವಂತೆ ಹಾಡಬೇಕು, ನೋವಾದರೆ ಕವಿ ಸಹಿಸಿಕೊಳ್ಳಬೇಕು. ಹಾಡಿದ ಇಬ್ಬರೂ ಇಂದು ಇಲ್ಲ. ಪಕ್ಷಗಳು ಮಾತ್ರ ಗಟ್ಟಿಮುಟ್ಟಾಗಿವೆ. ಅಶ್ವಥ್ ಪಕ್ಷದಲ್ಲಿ ಇನ್ನೊಂದು ವಿಶೇಷ ಸದಸ್ಯತ್ವವೂ ಉಂಟು. 2005ರಲ್ಲಿ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮಕ್ಕೆ ತಾನು ಖುದ್ದಾಗಿ ಹೋಗಿದ್ದೆ ಎಂಬುದೇ ಅದರ ಅರ್ಹತೆ. ಅಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಎನ್ನುತ್ತಾರೆ. ಹೋಗಿದ್ದೆ ಎಂದು ಹೇಳಿಕೊಳ್ಳುವವರನ್ನೆಲ್ಲ ಒಂದೆಡೆ ಕೂರಿಸುವುದಾದರೆ ಅರಮನೆ ಮೈದಾನದ ಜತೆಗೆ ಮೇಖ್ರಿ ಸರ್ಕಲ್ಲು, ಹೆಬ್ಬಾಳದ ಕೆರೆಯನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಇದೇ ಮೈದಾನಕ್ಕೆ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್ ಬಂದದ್ದು 2002ರಲ್ಲಿ, ಐರನ್ ಮೇಡನ್ 2007ರಲ್ಲಿ, ಮೆಟಾಲಿಕಾ 2011ರಲ್ಲಿ. ಅಂದು ಕರಿ ಟೀಶರ್ಟು ಹಾಕಿ ತಲೆ ಕೊಡವಿದ ಹುಡುಗರಿಗೆ ಈಗ ಕೊಡವುವಷ್ಟು ಕೂದಲಿಲ್ಲ. ಟೀಶರ್ಟು ಮಾತ್ರ ಉಳಿದಿದೆ. ಹೊಟ್ಟೆಯ ಮೇಲೆ ಬಿಗಿಯಾಗಿ, ಅಪಾರ್ಟ್‌ಮೆಂಟಿನ ಸಭೆಗೆ ಬರುತ್ತದೆ. ನೀರಿನ ಟ್ಯಾಂಕರಿನ ಬಿಲ್ಲಿನ ಚರ್ಚೆಯ ನಡುವೆ, "ನಮ್ಮ ಕಾಲದಲ್ಲಿ ಮ್ಯೂಸಿಕ್ಕು ಅಂದ್ರೆ ವ್ಯವಸ್ಥೆಯ ವಿರುದ್ಧ ದಂಗೆ" ಎನ್ನುತ್ತದೆ. ಆಮೇಲೆ ಆರನೇ ಮಹಡಿಯ ಬ್ಯಾಚುಲರ್ ಹುಡುಗರು ರಾತ್ರಿ ಹತ್ತರ ನಂತರ ಸ್ಪೀಕರ್ ಹಾಕಬಾರದು ಎಂಬ ಠರಾವಿಗೆ ಮೊದಲು ಕೈ ಎತ್ತುತ್ತದೆ.

ಅಮೆರಿಕದ ಕನ್ನಡಿಗರ ಲೆಕ್ಕ ಇನ್ನೂ ಸರಳ. ವಿಮಾನ ಹತ್ತಿದ ವರ್ಷಕ್ಕೆ ಅವರ ಸಂಗೀತ ನಿಂತುಬಿಟ್ಟಿರುತ್ತದೆ. 1996ರಲ್ಲಿ ಹೋದವರಿಗೆ 1996ರ ತನಕದ ಕನ್ನಡ ಹಾಡು ಶುದ್ಧ, ಆಚೆಯದ್ದು ಕಲಬೆರಕೆ. 2007ರಲ್ಲಿ ಹೋದವರಿಗೆ 'ಮುಂಗಾರು ಮಳೆ'ಯೂ ಶುದ್ಧ, ಅದರ ಆಚೆಗೆ ಕಲಬೆರಕೆ. ಶುದ್ಧ ಸಂಗೀತದ ಗಡಿಯನ್ನು ವೀಸಾ ಕಚೇರಿ ನಿರ್ಧರಿಸುವುದು ಜಗತ್ತಿನಲ್ಲಿ ಇಲ್ಲಿ ಮಾತ್ರ.

ಇವರೆಲ್ಲರಿಗೂ ಮೇಲೆ, ಇಂದಿರಾನಗರದ ನಾಲ್ಕನೇ ಮಹಡಿಯಲ್ಲಿ, ಎಲ್‌ಪಿ ಕೇಳುವವರು ವಾಸವಾಗಿದ್ದಾರೆ. ಅಜ್ಜ ಕೂಡಿಟ್ಟಿದ್ದ ಗ್ರಾಮಫೋನ್ ಪ್ಲೇಟುಗಳನ್ನು ಅಪ್ಪ ಪಾತ್ರೆ ಮಾರುವವಳಿಗೆ ಕೊಟ್ಟು ಎರಡು ಸ್ಟೀಲ್ ಡಬ್ಬಿ ತೆಗೆದುಕೊಂಡ. ಮೊಮ್ಮಗ ಈಗ ಅದೇ ಪ್ಲೇಟನ್ನು ನಾಲ್ಕು ಸಾವಿರಕ್ಕೆ ಕೊಂಡು ತಂದು, ಆ ಡಬ್ಬಿಗಳಿದ್ದ ಶೆಲ್ಫನ್ನೇ ಖಾಲಿ ಮಾಡಿಸಿ ಜೋಡಿಸಿದ್ದಾನೆ. ಅವನ ಮನೆಗೆ ಹೋದರೆ ಹಾಡು ಕೇಳಿಸುವ ಮೊದಲು ಒಂದು ಪೂಜೆ ನಡೆಯುತ್ತದೆ. ಕವರಿನಿಂದ ಪ್ಲೇಟನ್ನು ಅಂಚು ಹಿಡಿದು ತೆಗೆಯುವುದು, ಬೆಳಕಿಗೆ ಹಿಡಿದು ಗೀರು ನೋಡುವುದು, ಬ್ರಷ್ಷಿನಿಂದ ಧೂಳು ತೆಗೆಯುವುದು, ಸೂಜಿಯ ತುದಿಗೆ ಒಂದು ಹನಿ ದ್ರವ ಮುಟ್ಟಿಸುವುದು, ಉಸಿರು ಬಿಗಿಹಿಡಿದು ಸೂಜಿ ಇಳಿಸುವುದು. ಕರಕರ ಸದ್ದು ಬಂತೋ, "ಕೇಳಿದ್ರಾ? ಆ ವಾರ್ಮ್‌ತ್ ಡಿಜಿಟಲ್‌ನಲ್ಲಿ ಬರಲ್ಲ" ಎನ್ನುತ್ತಾನೆ. ಹಾಡು ಶುರುವಾದ ಮೇಲೆ ಆಂಪ್ಲಿಫೈಯರಿನ ವಾಲ್ವಿನ ಬಗ್ಗೆ ಮಾತಾಡುತ್ತಾನೆ. ಇಪ್ಪತ್ತು ಚಿಲ್ಲರೆ ನಿಮಿಷಕ್ಕೆ ಒಂದು ಬದಿ ಮುಗಿಯುತ್ತದೆ. ಎದ್ದು ಪ್ಲೇಟು ತಿರುಗಿಸಬೇಕು. ಆ ಒಂದು ಕ್ಷಣ ಮಾತ್ರ ಅವನ ಬಾಯಿ ನಿಲ್ಲುತ್ತದೆ, ಆಗ ಹಾಡೂ ನಿಂತಿರುತ್ತದೆ.

ಈ ಪಂಥದ ಕಿವಿಯ ಮಹಿಮೆಗೆ ಕ್ಯಾಲಿಫೋರ್ನಿಯಾದಿಂದ ಒಂದು ಪುರಾವೆ ಇದೆ. ಮೊಬೈಲ್ ಫಿಡೆಲಿಟಿ ಎಂಬ ಕಂಪನಿ ಹಳೆಯ ಆಲ್ಬಮ್ಮುಗಳನ್ನು ಮೂಲ ಟೇಪಿನಿಂದ ನೇರವಾಗಿ ಎಲ್‌ಪಿಗೆ ಇಳಿಸುವುದರಲ್ಲಿ ಹೆಸರುವಾಸಿಯಾಗಿತ್ತು. ನಡುವೆ ಎಲ್ಲೂ ಡಿಜಿಟಲ್ ಮೈಲಿಗೆ ಇಲ್ಲ, ಅದಕ್ಕೇ ಆ ದನಿ ಎಂದು ಭಕ್ತರು ದುಬಾರಿ ಬೆಲೆ ತೆತ್ತು ಕೊಳ್ಳುತ್ತಿದ್ದರು. ಮೈಕಲ್ ಜಾಕ್ಸನ್ನನ 'ಥ್ರಿಲ್ಲರ್' ಆಲ್ಬಮ್ಮನ್ನು ಹೀಗೆ 40,000 ಪ್ರತಿ ತರುತ್ತೇವೆಂದು ಅದು ಸಾರಿದಾಗ, ಅಷ್ಟು ಪ್ರತಿಗಳಿಗಾಗಿ ಒಂದು ಮೂಲ ಟೇಪನ್ನು ಮತ್ತೆ ಮತ್ತೆ ತಿರುಗಿಸುವುದಾದರೂ ಹೇಗೆ ಎಂದು ಕೆಲವರಿಗೆ ಗುಮಾನಿ ಬಂತು. 2022ರ ಜುಲೈಯಲ್ಲಿ ಅರಿಜೋನಾದ ರೆಕಾರ್ಡ್ ಅಂಗಡಿಯವನೊಬ್ಬ ವಿಡಿಯೊದಲ್ಲಿ ಕೆದಕಿ ಕೇಳಿದಾಗ ಕಂಪನಿಯ ಎಂಜಿನಿಯರುಗಳು ಒಪ್ಪಿಕೊಂಡರು: ನಡುವೆ ಡಿಜಿಟಲ್ ಹೆಜ್ಜೆ ಇದೆ, 2011ರಿಂದಲೇ ಇದೆ. ಹತ್ತು ವರ್ಷ, ಜಗತ್ತಿನ ಅತಿ ಸೂಕ್ಷ್ಮ ಕಿವಿಗಳು, ಲಕ್ಷಗಟ್ಟಲೆ ಬೆಲೆಯ ಸ್ಪೀಕರುಗಳು, ಒಬ್ಬರಿಗೂ ಕೇಳಿಸಿರಲಿಲ್ಲ. ಕೇಳಿಸಿದ್ದು ವಿಡಿಯೊ ನೋಡಿದ ಮೇಲೆ. ಆಮೇಲೆ ಕೆಲವರು ಕೋರ್ಟಿಗೂ ಹೋದರು. ಹತ್ತು ವರ್ಷ ಸುಖವಾಗಿ ಕೇಳಿದೆ, ಆ ಸುಖ ವಾಪಸು ತೆಗೆದುಕೊಂಡು ಹಣ ಕೊಡಿ ಎಂಬ ಬಗೆಯ ದಾವೆ.

ಇವರಾದರೂ ಕೇಳುತ್ತಿದ್ದರು. ಅಮೆರಿಕದಲ್ಲಿ ಲ್ಯೂಮಿನೇಟ್ ಎಂಬ ಸಂಸ್ಥೆ 2023ರಲ್ಲಿ ಹೊರಗೆಡವಿದ ಸಮೀಕ್ಷೆಯ ಪ್ರಕಾರ, ಹಿಂದಿನ ಒಂದು ವರ್ಷದಲ್ಲಿ ಎಲ್‌ಪಿ ಕೊಂಡವರಲ್ಲಿ ಪ್ಲೇಯರ್ ಇದ್ದದ್ದು ಅರ್ಧದಷ್ಟು ಮಂದಿಯ ಬಳಿ ಮಾತ್ರ. ಉಳಿದರ್ಧ ಮಂದಿ ಅದನ್ನು ಗೋಡೆಗೆ ಆನಿಸಿಡುತ್ತಾರೆ. ಇವರೇ ಪ್ರಾಮಾಣಿಕರು. ಹಾಡು ಬೇಕಿಲ್ಲ, ಹಾಡು ಬಲ್ಲವನು ಎಂಬ ಬೋರ್ಡು ಸಾಕು ಎನ್ನುವುದನ್ನು ಇಷ್ಟು ನೇರವಾಗಿ ಮತ್ತ್ಯಾರೂ ಒಪ್ಪಿಕೊಂಡಿಲ್ಲ.

ಏನು ಕೇಳುತ್ತಿದ್ದೇನೆ ಎಂದು ಹೇಳುವುದು ಸುಲಭ. ಯಾಕೆ ಎಂದು ಹೇಳುವುದಕ್ಕೆ ವಿದ್ಯೆ ಬೇಕು. "ಚೆನ್ನಾಗಿದೆ, ಅದಕ್ಕೆ" ಎಂದವನನ್ನು ಮುಂದಿನ ಕೂಟಕ್ಕೆ ಯಾರೂ ಕರೆಯುವುದಿಲ್ಲ. ಹೊಸಬರ ಅನುಕೂಲಕ್ಕಾಗಿ ಚಾಲ್ತಿಯಲ್ಲಿರುವ ಕೆಲವು ಮಾತುಗಳನ್ನು ಇಲ್ಲಿ ಕೊಟ್ಟಿದ್ದೇನೆ. ಹಾಡಿದವರ ಶ್ರುತಿ ಆಚೀಚೆ ಆಗಿದ್ದರೆ "ಪ್ರಾಮಾಣಿಕ ದನಿ" ಎನ್ನಿ. ಧ್ವನಿಮುದ್ರಣ ಕೆಟ್ಟಿದ್ದರೆ "ಆ ಕಚ್ಚಾತನವೇ ಸೊಗಸು". ಸಾಹಿತ್ಯ ಅರ್ಥವಾಗದಿದ್ದರೆ "ಬಹುಸ್ತರೀಯ". ಎರಡನೇ ಹಾಡಿಗೇ ನಿದ್ದೆ ಬಂದಿದ್ದರೆ "ಧ್ಯಾನಸ್ಥ". ತತ್ವಪದಕ್ಕೆ ಯಾರಾದರೂ ಗಿಟಾರು ಬಾರಿಸಿದ್ದರೆ "ನೆಲದ ಸೊಗಡಿನೊಂದಿಗೆ ಜಾಗತಿಕ ಅನುಸಂಧಾನ". ಅದೇ ತತ್ವಪದವನ್ನು ಹಳ್ಳಿಯ ಭಜನಾ ಮಂಡಳಿಯವರು ದಮ್ಮಡಿ ಹಿಡಿದು ಹಾಡಿದ್ದರೆ ಏನೂ ಅನ್ನಬೇಕಾಗಿಲ್ಲ. ಅದನ್ನು ಯಾರೂ ಆಲ್ಬಮ್ಮು ಮಾಡಿರುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲರಿಗೂ ಇಷ್ಟವಾದ ಹಾಡು ನಿಮಗೂ ಇಷ್ಟ ಎಂದು ಅಪ್ಪಿತಪ್ಪಿಯೂ ಬಾಯಿಬಿಡಬಾರದು. ಬಿ ಸೈಡಿನ ಮೂರನೆಯದು ಇಷ್ಟ ಎನ್ನಬೇಕು. ಬಿ ಸೈಡಿನ ಮೂರನೆಯದು ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ, ಗೊತ್ತಿಲ್ಲವೆಂದು ಯಾರೂ ಹೇಳುವುದೂ ಇಲ್ಲ. ಎಲ್ಲರೂ ತಲೆದೂಗುತ್ತಾರೆ. ಕಲಾವಿದರ ಮೊದಲ ಆಲ್ಬಮ್ಮೇ ಶ್ರೇಷ್ಠ, ಹೆಸರು ಬಂದ ಮೇಲೆ ಕೆಟ್ಟರು ಎಂಬ ಸಾಮಾನ್ಯ ಸೂತ್ರವೊಂದಿದೆ. ಸಂದೇಹ ಬಂದಾಗಲೆಲ್ಲ ಬಳಸಬಹುದು. ಭೀಮಸೇನ ಜೋಶಿಯವರ ವಿಷಯದಲ್ಲಿ ಕೂಡ ಇದನ್ನು ಒಬ್ಬರು ಬಳಸಿದ್ದನ್ನು ಕೇಳಿದ್ದೇನೆ. ಜೋಶಿಯವರ ಮೊದಲ ರೆಕಾರ್ಡು 1942ರಲ್ಲಿ ಎಚ್‌ಎಂವಿ ತಂದದ್ದು, ಭಕ್ತಿಗೀತೆಗಳು. ಆಗ ಅವರಿಗೆ ಇಪ್ಪತ್ತು ವರ್ಷ. ಅಂದರೆ ಆ ಮಹಾನುಭಾವರ ಪ್ರಕಾರ ಮುಂದಿನ ಅರವತ್ತು ಚಿಲ್ಲರೆ ವರ್ಷ, ಭಾರತರತ್ನದ ತನಕ, ಇಳಿಜಾರು.

ಊರಿನವರ ನಿಜವಾದ ರುಚಿ ಗೊತ್ತಿದ್ದವನು ಒಬ್ಬನಿದ್ದ: ಕ್ಯಾಸೆಟ್ ಅಂಗಡಿಯವನು. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿಕೊಡುವ ಆ ಅಂಗಡಿಗೆ ಜನ ನೋಟ್‌ಬುಕ್ಕಿನ ಹಾಳೆ ಹರಿದು ಪಟ್ಟಿ ಬರೆದು ತರುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ಮೂವತ್ತು, ಒಂದೊಂದು ಹಾಡಿಗೂ ಲೆಕ್ಕ. ಸುಳ್ಳು ಬರೆದರೆ ದುಡ್ಡು ದಂಡ. ಹಾಗಾಗಿ ವೈದ್ಯನೆದುರು ರೋಗಿ ಬಾಯಿಬಿಟ್ಟಂತೆ ಎಲ್ಲರೂ ಅಲ್ಲಿ ಸತ್ಯವನ್ನೇ ಬರೆಯುತ್ತಿದ್ದರು. ಸಭೆಯಲ್ಲಿ ಖಯಾಲ್ ಬಿಟ್ಟು ಬೇರೆ ಮಾತಾಡದ ಮೇಷ್ಟ್ರು 1987ರಲ್ಲಿ ಮೂರು ಸಲ ಸುತ್ತುಮುತ್ತ ನೋಡಿ, ಚೀಟಿ ದಾಟಿಸಿ, "ಪ್ರೇಮಲೋಕ. ಎರಡೂ ಸೈಡು. ಮಗಳು ಹಟ ಮಾಡ್ತಾಳೆ" ಎಂದಿದ್ದರು. ಮಗಳು ಆಗ ತೊಟ್ಟಿಲಲ್ಲಿದ್ದಳು. ಅಂಗಡಿಯವನು ನಗಲಿಲ್ಲ, ಯಾಕೆ ಎಂದು ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನಾಳಿದ್ದು ಬನ್ನಿ ಎಂದ.

ಆ ಜಾಗದಲ್ಲಿ ಈಗ ಸ್ಪಾಟಿಫೈ ಕೂತಿದೆ. ಅದಕ್ಕೂ ನಿಜ ಗೊತ್ತು. ಆದರೆ ಬಾಯಿ ಬಿಗಿ ಇಲ್ಲ. ವರ್ಷವಿಡೀ ಲೆಕ್ಕ ಇಟ್ಟುಕೊಂಡು, ವರ್ಷದ ಕೊನೆಗೆ, ನೀನು ಇಂಥವರನ್ನು ಇಷ್ಟು ನಿಮಿಷ ಕೇಳಿದ್ದೀ ಎಂದು ಬಣ್ಣ ಬಳಿದ ವರದಿ ಕೊಡುತ್ತದೆ. ಅಂಕಪಟ್ಟಿ ಎಂದರೆ ಬಚ್ಚಿಡುತ್ತಿದ್ದ ಜನಾಂಗವೇ ಇದನ್ನು ಸ್ಟೇಟಸ್ಸಿಗೆ ಹಾಕಿ ಮೆರೆಯುತ್ತದೆ. ನಮ್ಮ ಪರಿಚಯದ ಹುಡುಗನೊಬ್ಬ ನಾರ್ವೆಯ ಬ್ಲ್ಯಾಕ್ ಮೆಟಲ್ ಬಿಟ್ಟು ಬೇರೇನನ್ನೂ ಕೇಳುವವನಲ್ಲ. ಅವನ ವರದಿಯಲ್ಲಿ ವರ್ಷದ ಅಗ್ರ ಕಲಾವಿದರ ಹೆಸರು ಬಂತು: ಎಂ.ಎಸ್. ಸುಬ್ಬುಲಕ್ಷ್ಮಿ. ಅಮ್ಮ ದಿನಾ ಬೆಳಗ್ಗೆ ಅಡುಗೆಮನೆಯ ಸ್ಪೀಕರಿನಲ್ಲಿ ಅವನ ಅಕೌಂಟಿನಿಂದಲೇ ಸುಪ್ರಭಾತ ಹಾಕುತ್ತಿದ್ದರು. ಹುಡುಗ ಎರಡು ದಿನ ಮಂಕಾಗಿದ್ದ. ಮೂರನೆಯ ದಿನ ಸ್ಟೇಟಸ್ಸು ಬಂತು: "ತಂಬೂರಿಯ ಆ ಡ್ರೋನ್ ಕೇಳಿ. ಮೆಟಲ್‌ನ ಬೇರು ಇರುವುದೇ ಇಲ್ಲಿ." ಮುನ್ನೂರು ಲೈಕು. ಅಮ್ಮನಿಗೆ ತಾನು ಬ್ಲ್ಯಾಕ್ ಮೆಟಲ್ಲಿನ ಮೂಲಪುರುಷರ ಪೈಕಿ ಎಂಬುದು ಇನ್ನೂ ತಿಳಿದಿಲ್ಲ.

ಈ ಲೆಕ್ಕಾಚಾರಕ್ಕೆ ಸರಿಯಾದ ಮರ್ಯಾದೆ ಮಾಡಿದವರು ವಲ್ಫ್‌ಪೆಕ್ ಎಂಬ ಅಮೆರಿಕದ ತಂಡದವರು. ಮೂವತ್ತು ಸೆಕೆಂಡು ಓಡಿದರೆ ಸ್ಪಾಟಿಫೈ ಅದನ್ನು ಒಂದು ಆಲಿಕೆ ಎಂದು ಎಣಿಸಿ ಹಣ ಕೊಡುತ್ತದೆ. ಇವರು 2014ರಲ್ಲಿ 'ಸ್ಲೀಪಿಫೈ' ಎಂಬ ಆಲ್ಬಮ್ಮು ತಂದರು. ಹತ್ತು ಹಾಡು, ಒಂದೊಂದೂ ಅರ್ಧ ನಿಮಿಷಕ್ಕೆ ಚೂರು ಹೆಚ್ಚು, ಎಲ್ಲವೂ ಪೂರ್ತಿ ಮೌನ. ರಾತ್ರಿ ಮಲಗುವಾಗ ಹಾಕಿಕೊಂಡು ಮಲಗಿ ಎಂದು ಅಭಿಮಾನಿಗಳಿಗೆ ಹೇಳಿದರು. ಸುಮಾರು 20,000 ಡಾಲರ್ ಬಂತು. ಅದೇ ದುಡ್ಡಿನಲ್ಲಿ ಪುಕ್ಕಟೆ ಪ್ರವೇಶದ ಕಛೇರಿಗಳನ್ನು ಕೊಟ್ಟರು. ಕೆಲವು ವಾರಗಳಲ್ಲಿ ಸ್ಪಾಟಿಫೈ ಆ ಆಲ್ಬಮ್ಮನ್ನು ತೆಗೆದುಹಾಕಿತು. ನನ್ನ ಮಟ್ಟಿಗೆ ಅದು ಆ ದಶಕದ ಸರ್ವಶ್ರೇಷ್ಠ ಆಲ್ಬಮ್ಮು. ಕೇಳುವಾಗ ಯಾರೂ ಪಕ್ಕದಲ್ಲಿ ಕೂತು ವಿವರಿಸಲಿಲ್ಲ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಹಿಂದಕ್ಕೆ ಹೋದರೆ ಗೌಹರ್ ಜಾನ್ ಸಿಗುತ್ತಾರೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಯಂತ್ರ ಹೊತ್ತು ತಂದಾಗ ಅದರೆದುರು ಹಾಡಿದವರು. ಗಂಟೆಗಟ್ಟಲೆ ಹಾಡುವ ಸಂಗೀತವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಜಂಬಕ್ಕಲ್ಲ. ಆ ಮುದ್ರಣ ಹಡಗು ಹತ್ತಿ ಜರ್ಮನಿಯ ಹ್ಯಾನೋವರಿನ ಕಾರ್ಖಾನೆಗೆ ಹೋಗಬೇಕಿತ್ತು. ಪ್ಲೇಟು ಒತ್ತುವವರಿಗೆ ಭಾಷೆ ಬಾರದು, ಹಾಡಿದವರು ಯಾರೆಂದು ತಿಳಿಯದೆ ಚೀಟಿ ಅಂಟಿಸುವುದು ಹೇಗೆ? ಅದಕ್ಕೇ ಹೆಸರು. ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆ ಮಹಾತಾಯಿ 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

ಅಂದು ಹಾಡಿದವರು ಕೊನೆಯಲ್ಲಿ ತಮ್ಮ ಹೆಸರು ಕೂಗುತ್ತಿದ್ದರು. ಇಂದು ಕೇಳಿದವರು ಮೊದಲಿಗೇ ತಮ್ಮ ಹೆಸರು ಕೂಗುತ್ತಾರೆ. ಹಾಡಿದ್ದು ಯಾರು, ತಬಲಾದಲ್ಲಿ ಯಾರು, ಕವಿತೆ ಯಾರದ್ದು ಎಂಬುದನ್ನು ಕಾಣಲು ಫೋನಿನ ಪರದೆಯನ್ನು ಕೆಳಕ್ಕೆ, ಕೆಳಕ್ಕೆ, ಇನ್ನೂ ಕೆಳಕ್ಕೆ ತಳ್ಳಬೇಕು. ಕೇಳಿದ್ದು ಯಾರು ಎಂಬುದು ಮಾತ್ರ ಮೇಲೆಯೇ, ಫೋಟೊ ಸಮೇತ. ಗೌಹರ್ ಜಾನ್ ಹೆಸರು ಹೇಳಲು ಮೂರು ನಿಮಿಷ ಹಾಡಬೇಕಾಗಿತ್ತು. ನಮಗೆ ಮೂವತ್ತು ಸೆಕೆಂಡು ಕೇಳಿದರೂ ಸಾಕು.

ಇಂಥ ಬರಹಗಳ ಕೊನೆಗೆ ಒಬ್ಬ ಆಟೊ ಚಾಲಕ ಬರಬೇಕೆಂಬುದು ಅಂಕಣಕಾರರ ಸಂಪ್ರದಾಯ. ಓದಿದವರೆಲ್ಲ ಕೆಟ್ಟುಹೋದರು ಎಂದು ಸಾಧಿಸಿದ ಮೇಲೆ ನಾಡಿನ ಮಾನ ಉಳಿಸುವ ಹೊಣೆ ಅವನದು. ಅವನು ಮುಗ್ಧವಾಗಿ ಒಂದು ಮಾತು ಹೇಳಬೇಕು, ನಾವು ಅದನ್ನು ಕೇಳಿ ಕಣ್ಣೊರೆಸಿಕೊಳ್ಳಬೇಕು. ಆ ಆಸೆಯಿಂದಲೇ, ಯಶವಂತಪುರದ ಕಡೆ ಹೊರಟ ಆಟೊದಲ್ಲಿ 'ಪ್ರೇಮಲೋಕ' ಮೊಳಗುತ್ತಿದ್ದಾಗ, "ಈ ಹಾಡು ನಿಮಗೆ ಯಾಕೆ ಇಷ್ಟ?" ಎಂದು ಕೇಳಿದೆ. ಚಾಲಕ ಕನ್ನಡಿಯಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸಾರ್, ಇದು ಒರಿಜಿನಲ್ ಕ್ಯಾಸೆಟ್‌ನಿಂದ ಹಾಕ್ಸಿರೋದು. ಯೂಟ್ಯೂಬಲ್ಲಿರೋದು ಕೇಳಿದೀರಾ? ಸೌಂಡ್ ಒಡದೋಗೈತೆ, ಬೇಸೇ ಇಲ್ಲ. ಈಗಿನ್ ಹುಡುಗ್ರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ? ಪ್ರೇಮಲೋಕ ಒಂದು, ರಣಧೀರ ಒಂದು. ಅದ್ರಲ್ಲೂ ಎಲ್ರೂ ಹಾಡೋ ಹಾಡಲ್ಲ ಸಾರ್, ಬಿ ಸೈಡಲ್ಲಿ ಒಂದೈತೆ..."

ಯಶವಂತಪುರ ಬರುವ ತನಕ ಬಿ ಸೈಡು ನಡೆಯಿತು. ಇಳಿಯುವಾಗ ಮೀಟರಿನ ಮೇಲೆ ಇಪ್ಪತ್ತು ರೂಪಾಯಿ ಸೇರಿಸಿ ಕೇಳಿದ. ತಕರಾರಿಲ್ಲದೆ ಕೊಟ್ಟೆ. ಸಂಗೀತದ ಬಗ್ಗೆ ನನಗೆ ಉಪನ್ಯಾಸ ಕೊಟ್ಟವರಲ್ಲಿ ಹೇಳಿದ ಜಾಗಕ್ಕೆ ತಲುಪಿಸಿದವನು ಅವನೊಬ್ಬನೇ.